ಗಂಗಮ್ಮನ ದಾರಿ

ಬೆಳಕು ಹರಿಯುವ ಹೊತ್ತಿಗೆ ಮಳೆ ನಿಂತಿತು. ಹೆಂಚಿನಿಂದ ತೊಟ್ಟಿಕ್ಕುವ ಸದ್ದು ಅಡಗಿದ ಮೇಲೆ ಆವುಲಪ್ಪನಿಗೆ ಹಳ್ಳದ ಮೊರೆತ ಕೇಳಿಸಿತು. ಅದರ ಬೆನ್ನಿಗೇ ಹಿತ್ತಲ ಗೋಡೆಯಾಚೆ ತಮ್ಮ ಬಯ್ಯಪ್ಪ ಕೂಳಿಯನ್ನು ನೆಲಕ್ಕೆ ಬಡಿದು ಕೊಡವುವುದೂ ಕೇಳಿಸಿತು. ಆ ಬಿದಿರುಕಡ್ಡಿಗಳ ಸದ್ದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಒಳಹೋದ ಮೀನು ತಿರುಗಿ ಬಾರದ ಹಾಗೆ ಬಾಯಿಗೆ ಒಳಮುಖವಾಗಿ ಕಡ್ಡಿ ಹೆಣೆದ ಉದ್ದನೆಯ ಬುಟ್ಟಿ. ಅಪ್ಪ ಹೇಳಿ ಮಾಡಿಸಿದ್ದು. ಪಾಲಾದಾಗ ಕೂಳಿ ಬಯ್ಯಪ್ಪನಿಗೆ ಹೋಯಿತು. ಗದ್ದೆ ಮಟ್ಟ ಮಾಡುವ ಹಲಗೆ ಆವುಲಪ್ಪನಿಗೆ ಬಂತು.

ಪಾಲು ಮಾಡಿದವನು ಇಬ್ಬರಿಗೂ ಚಿಕ್ಕಪ್ಪನಾದ ನರಸಿಂಹಪ್ಪ. ಹೊಲ, ಬಾವಿ, ಹುಣಿಸೆಮರ, ಎತ್ತು ಎಲ್ಲವನ್ನೂ ಎರಡು ಮಾಡಿ, ಎರಡು ಮಾಡಲಾಗದ್ದನ್ನು ಅವನಿಗಿದು ಇವನಿಗದು ಎಂದು ಹಂಚಿ, ಕೊನೆಗೆ ಹಳ್ಳವನ್ನೂ ಬಿಡಲಿಲ್ಲ. ಕಳವಾರದ ಬೆಟ್ಟದಿಂದ ಇಳಿದು ಊರಕೆರೆ ಸೇರುವ ಹಳ್ಳ ಅದು. ಹೊಸನೀರು ಬಂದರೆ ಕೆರೆಯ ಮೀನುಗಳು ಎದುರುನೀರಿಗೆ ಬೆಟ್ಟದ ಕಡೆ ಹತ್ತುತ್ತವೆ. ಗೆಂಡೆ, ಪಕ್ಕೆ, ಅದೃಷ್ಟವಿದ್ದರೆ ಮೊಳದುದ್ದದ ಕೊರವ. ಬಂಡೆಗಳ ನಡುವಿನ ಮೇಲಿನ ಕಟ್ಟೆ ದೊಡ್ಡವನಿಗೆ, ಕೆಳಗಿನ ಮಡು ಚಿಕ್ಕವನಿಗೆ ಎಂದು ನರಸಿಂಹಪ್ಪ ತೀರ್ಮಾನ ಹೇಳಿದ. ದೊಡ್ಡವನಿಗೆ ಎತ್ತರದ ಜಾಗ ಕೊಟ್ಟದ್ದು ಮರ್ಯಾದೆಗೆ. ಕೆಳಗಿನಿಂದ ಹತ್ತುವ ಮೀನು ಮೊದಲು ಕೆಳಗಿನವನ ಕೂಳಿಗೇ ಬೀಳುತ್ತದೆ ಎಂಬುದು ಆವುಲಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಊರವರೆಲ್ಲ ಕೂತಿದ್ದಾಗ ಮೇಲಿನದು ಬೇಡ, ಕೆಳಗಿನದು ಕೊಡಿ ಎನ್ನಲು ಬಾಯಿ ಬರಲಿಲ್ಲ, ಅಷ್ಟೆ.

ಅಂದಿನಿಂದ ಮಳೆ ಬಿದ್ದಾಗಲೆಲ್ಲ ಗೋಡೆಯಾಚೆಯಿಂದ ಮೀನುಸಾರಿನ ವಾಸನೆ ಬರುತ್ತಿತ್ತು. ಹೋದ ವರ್ಷ ಹೆಂಡತಿಯ ತಮ್ಮ ವೆಂಕಟೇಶ ಗೌರಿಬಿದನೂರಿನಿಂದ ಬಂದಿದ್ದ. ಅಲ್ಲಿ ಮಂಡಿಯೊಂದರಲ್ಲಿ ಗುಮಾಸ್ತ. ಶರಟಿನ ಜೇಬಿಗೆ ಪೆನ್ನು ಸಿಕ್ಕಿಸುವವನು. ಅವನು ಹುರುಳಿ ಸಾರಿನಲ್ಲಿ ಮುದ್ದೆ ಮುರಿಯುತ್ತ, ಗಾಳಿಗೆ ಮೂಗು ಕೊಟ್ಟು, "ಬಾವ, ಈ ಊರಲ್ಲಿ ಮೀನು ಒಂದೇ ಮನೆಗೆ ಬರ್ತವಾ?" ಎಂದಿದ್ದ. ಅಷ್ಟರಲ್ಲಿ ಬಯ್ಯಪ್ಪನ ಹೆಂಡತಿ ವೆಂಕಟರತ್ನಮ್ಮ ಗೋಡೆಯ ಮೇಲೆ ಒಂದು ಬಟ್ಟಲು ಮೀನುಸಾರು ಇಟ್ಟು, ಕೆಮ್ಮಿ, ಸರಿದು ಹೋಗಿದ್ದಳು. ಮುಟ್ಟಕೂಡದು ಎಂದ ಆವುಲಪ್ಪ. ಸಾಯಂಕಾಲ ಬಟ್ಟಲು ಗೋಡೆಯ ಮೇಲಿಂದ ಹಾಗೇ ಹಿಂದಿರುಗಿತು. ಅದರಲ್ಲಿ ಎರಡು ತುಂಡು ಕಮ್ಮಿ ಇತ್ತು. ಅದನ್ನು ಅವನು ನೋಡಿದ, ಹೆಂಡತಿಯನ್ನು ಕೇಳಲಿಲ್ಲ.

ಇವತ್ತು ವೆಂಕಟೇಶ ಮತ್ತೆ ಬರುವವನಿದ್ದ.

"ಈ ಸಲವಾದ್ರೂ ಮೀನು ಸಿಗ್ತದಾ, ಇಲ್ಲಾ ಹುರುಳಿಕಾಳು ನೆನೆ ಹಾಕ್ಲಾ?" ಹೆಂಡತಿ ಕೊಂಡಮ್ಮ ಒರಳ ಮುಂದೆ ಕೂತೇ ಕೇಳಿದಳು.

"ಸಿಗ್ತದೆ. ಕಾರ ಅರೆದಿಡು."

"ಹೋದ ವರ್ಷಾನೂ ಅರೆದಿಟ್ಟಿದ್ದೆ. ನನ್ನ ತಮ್ಮ ಕಾರ ನೆಕ್ಕೊಂಡು ಹೋದ."

ಆವುಲಪ್ಪ ಕೊಟ್ಟಿಗೆಗೆ ಹೋಗಿ ಹಲಗೆಯನ್ನು ಹೆಗಲಿಗೆ ಏರಿಸಿದ. ಹಲಸಿನ ಮರದ್ದು, ಆಳುದ್ದ, ಎರಡು ಗೇಣಿಗೂ ಮಿಕ್ಕ ಅಗಲ, ಎರಡು ತುದಿಗೂ ಹಗ್ಗ ಕಟ್ಟುವ ಕಬ್ಬಿಣದ ಬಳೆ.

"ಹಲಗೆ ಯಾಕೆ? ಈ ಕೆಸರಲ್ಲಿ ಯಾವ ಗದ್ದೆ ಮಟ್ಟ ಮಾಡೋಕೆ ಹೋಗ್ತೀಯ?"

ಅವನು ಬೀದಿಗೆ ಇಳಿದ.

"ನಿನ್ನೇ ಕೇಳಿದ್ದು ಕಣಯ್ಯ," ಎಂದು ಅವಳು ಬೆನ್ನಿಗೆ ಕೂಗಿದಳು.

ಬೀದಿಯ ತುದಿಯಲ್ಲಿ ನರಸಿಂಹಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು ಬೀಡಿ ಹಚ್ಚಿದ್ದ. ಹಲಗೆ ನೋಡಿ ನಕ್ಕ.

"ಏಮಪ್ಪಾ ಆವುಲು, ಹಲಗೆ ಹೊತ್ಕೊಂಡು ಮೆರವಣಿಗೆ ಹೊರಟೆ?"

"ಕಟ್ಟೆ ತಾವ ಕೂತ್ಕೊಳ್ಳೋಕೆ, ಚಿಕ್ಕಪ್ಪ. ಬಂಡೆಯೆಲ್ಲ ನೆಂದೈತೆ."

"ಕೂತ್ಕೋ, ಕೂತ್ಕೋ. ಬರೋ ತಿಂಗಳು ಕನ್ನಡದೋರೆಲ್ಲ ಒಂದೇ ರಾಜ್ಯ ಆಗ್ತಾರಂತೆ. ಶಾನುಭೋಗರು ಪೇಪರ್ ಓದಿ ಹೇಳಿದ್ರು. ಬೀದರಿನೋರೂ ನಾವೂ ಅಣ್ಣತಮ್ಮಂದಿರಂತೆ ಇನ್ಮೇಲೆ. ನೀವಿಬ್ರು ಮಾತ್ರ ಗೋಡೆ ಎತ್ತರಿಸ್ತಾ ಇರಿ." ಬೀಡಿ ಹಿಡಿದ ಕೈಯನ್ನೇ ಬೆಟ್ಟದ ಕಡೆ ತೋರಿದ. "ನೋಡಿದ್ಯಾ? ಮೋಡ ಇನ್ನೂ ತಲೆ ಬಿಟ್ಟಿಲ್ಲ. ಚಿತ್ತೆ ಮಳೆ, ನಂಬೋ ಹಂಗಿಲ್ಲ."

ಬೆಟ್ಟದ ಅರ್ಧಕ್ಕೆ ಮೇಲೆ ಏನೂ ಕಾಣುತ್ತಿರಲಿಲ್ಲ. ಇದ್ದಲು ಉಜ್ಜಿದ ಹಾಗಿತ್ತು.

"ಬಂದ್ರೆ ಬರ್ಲಿ," ಎಂದು ಆವುಲಪ್ಪ ನಡೆದ.

ಕಟ್ಟೆ ತಾತನ ಕಾಲದ್ದು. ಆನೆಗಾತ್ರದ ಎರಡು ಬಂಡೆಗಳ ನಡುವೆ ಕಲ್ಲು ಪೇರಿಸಿ, ಸಂದಿಗೆ ಮಣ್ಣು ಮೆತ್ತಿ, ಆಳೆತ್ತರಕ್ಕೆ ಎಬ್ಬಿಸಿದ್ದು. ಬೆಟ್ಟದ ಮೆಕ್ಕಲು ಗದ್ದೆಗೆ ಬಾರದೆ ಇಲ್ಲೇ ನಿಲ್ಲಲಿ ಎಂದು. ಅದರ ಹಿಂದೆ ದೊಡ್ಡ ತಗ್ಗು. ಕಟ್ಟೆಯ ನಟ್ಟನಡುವೆ ಎರಡು ಗೇಣಗಲದ ಸಂದು, ಬುಡದವರೆಗೂ. ಅದು ಗಂಗಮ್ಮನ ದಾರಿ. ಬೆಟ್ಟದಲ್ಲಿ ಎಂಥ ಮಳೆಯಾದರೂ ನೀರು ಅಲ್ಲಿಂದ ಹಾದುಹೋಗುತ್ತಿತ್ತು. ಕಟ್ಟೆಯ ಮೇಲೆ ಭಾರ ಬೀಳುತ್ತಿರಲಿಲ್ಲ. ಕೂಳಿಯನ್ನು ಆ ದಾರಿಯ ಪಕ್ಕಕ್ಕೆ ಇಡಬಹುದು, ಅಡ್ಡಕ್ಕೆ ಇಡುವಂತಿಲ್ಲ. ವರ್ಷದ ಮೊದಲ ಮೀನನ್ನು ಅರಿಶಿನ ಹಚ್ಚಿ ಅದರಲ್ಲೇ ಮೇಲಕ್ಕೆ ಬಿಡಬೇಕು. ಇದನ್ನು ಮೀರಿದವರ ಕಥೆ ಊರಲ್ಲಿ ಒಂದೂ ಇರಲಿಲ್ಲ, ಏಕೆಂದರೆ ಯಾರೂ ಮೀರಿರಲಿಲ್ಲ.

ಆವುಲಪ್ಪ ಕಟ್ಟೆಯ ಮೇಲ್ಬದಿಯಲ್ಲಿ ತೊಡೆಮಟ್ಟದ ನೀರಿಗೆ ಇಳಿದು ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಸಂದಿಗೆ ಒತ್ತಿದ. ಉಳಿದ ಕೆಲಸವನ್ನು ನೀರೇ ಮಾಡಿತು. ಹಲಗೆಯನ್ನು ಹಿಂದಿನಿಂದ ತಳ್ಳಿ ಕಲ್ಲಿಗೆ ಅಮುಕಿ ಹಿಡಿಯಿತು. ಅಂಚುಗಳಿಗೆ ತಂಗಡಿ ಸೊಪ್ಪು ತುರುಕಿ, ಮೇಲೆ ಹೆಂಟೆ ಮೆತ್ತಿದ. ಅವನ ಲೆಕ್ಕ ಸರಳವಾಗಿತ್ತು. ಹರಿವಿಲ್ಲದಿದ್ದರೆ ಮೀನು ಹತ್ತುವುದಿಲ್ಲ. ಬಯ್ಯಪ್ಪ ಖಾಲಿ ಕೂಳಿ ನೋಡಿ ನೋಡಿ ಸಾಕಾಗಿ ಮನೆಗೆ ಹೋಗುತ್ತಾನೆ. ಅವನು ಹೋದ ಮೇಲೆ ಹಲಗೆ ತೆಗೆದರೆ ಹೊಸ ಹರಿವಿಗೆ ಮೀನೆಲ್ಲ ಅಡ್ಡಿಯಿಲ್ಲದೆ ಮೇಲಕ್ಕೆ, ತನ್ನ ಕಟ್ಟೆಯ ಬುಡಕ್ಕೆ ಬರುತ್ತವೆ, ಪಂಚೆ ಒಡ್ಡಿದರೆ ಸಾಕು. ಬೆಳಗಿನ ಹೊತ್ತು ಮುಚ್ಚಿ ಬಿಸಿಲೇರಿದ ಮೇಲೆ ತೆಗೆದರೆ ಗಂಗಮ್ಮನಿಗೇನು ನಷ್ಟ?

ಬಂಡೆ ಹತ್ತಿ ಕೂತ. ಕೆಳಗೆ ಹಳ್ಳದ ಸದ್ದು ತಗ್ಗುತ್ತ ತಗ್ಗುತ್ತ ನಿಂತೇ ಹೋಯಿತು. ಬೆಳಗಿನಿಂದ ಕಿವಿ ತುಂಬಿದ್ದ ಮೊರೆತ ನಿಂತಾಗ ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಪ್ಪೆಗಳೂ ಸುಮ್ಮನಾಗಿದ್ದವು. ಒಂದು ಕೊಕ್ಕರೆ ಕಟ್ಟೆಯ ಮೇಲೆ ಬಂದು ಕೂತು, ಹಿಂದಿನ ನೀರನ್ನೊಮ್ಮೆ ನೋಡಿ, ಎದ್ದು ಹೋಯಿತು.

ಆಮೇಲೆ ಕೆಳಗಿನಿಂದ ನಗು ಕೇಳಿಸಿತು.

ಅವನು ಬಂಡೆಯ ಅಂಚಿಗೆ ಸರಿದು ಬಗ್ಗಿ ನೋಡಿದ. ಕೂಗಳತೆಯ ದೂರದಲ್ಲಿ ಮಡು. ನೀರು ಬತ್ತಿ ಹಳ್ಳದ ಹೊಟ್ಟೆ ಬಯಲಾಗಿತ್ತು. ಗುಂಡುಕಲ್ಲುಗಳ ನಡುವೆ ಅಲ್ಲಲ್ಲಿ ಬೊಗಸೆ ನೀರು, ಅದರಲ್ಲಿ ಮೀನು ಪಟಪಟ ಹಾರುತ್ತಿದ್ದವು. ಎದುರುನೀರು ಹತ್ತುತ್ತಿದ್ದವೆಲ್ಲ ನಡುದಾರಿಯಲ್ಲೇ ಸಿಕ್ಕಿಬಿದ್ದಿದ್ದವು. ಬಯ್ಯಪ್ಪ, ವೆಂಕಟರತ್ನಮ್ಮ ಇಬ್ಬರೂ ಬಗ್ಗಿ ಬರಿಗೈಯಲ್ಲಿ ಬಾಚಿ ಬಾಚಿ ಕೂಳಿಗೆ ತುಂಬುತ್ತಿದ್ದರು, ಕಳದಲ್ಲಿ ರಾಗಿ ತುಂಬುವ ಹಾಗೆ. ಅಪ್ಪನ ಕಾಲದಲ್ಲೂ ಅಂಥ ಬೇಟೆ ಆಗಿರಲಿಲ್ಲ.

ಬಯ್ಯಪ್ಪ ತಲೆಯೆತ್ತಿ ಬಂಡೆಯ ಮೇಲಿನ ಅಣ್ಣನನ್ನು ಕಂಡ. ಹೆಂಡತಿಗೆ ಹೇಳುವವನಂತೆ ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದ:

"ಮೇಲಿನೋರಿಗೆ ಮರ್ಯಾದೆ, ಕೆಳಗಿನೋರಿಗೆ ಮೀನು ಕಣೇ!"

"ಸುಮ್ನಿರಯ್ಯ, ಕೇಳಿಸ್ತದೆ," ಎಂದಳು ವೆಂಕಟರತ್ನಮ್ಮ.

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಆವುಲಪ್ಪ ಬಂಡೆಯ ಮೇಲೆ ಎದ್ದು ನಿಂತ. ಮುಚ್ಚಿದ್ದು ತಾನು, ಬೇಟೆ ಅವನಿಗೆ. ಹಲಗೆ ಕಿತ್ತರೆ ಮೊಣಕಾಲುದ್ದ ನೀರು ನುಗ್ಗಿ ಮೀನೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ಆಗಲಿ ಎಂದುಕೊಂಡು ಬಂಡೆಯಿಂದ ಇಳಿಯಲು ಹಿಂದಿರುಗಿದ. ಹಿಂದಿರುಗಿದವನು ಅಲ್ಲೇ ನಿಂತ.

ತಗ್ಗು ತುಂಬಿತ್ತು. ಅವನು ಕಾಲಿಟ್ಟು ಹತ್ತಿದ್ದ ಕಲ್ಲು ಈಗ ನೀರೊಳಗಿತ್ತು. ಇಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಬಿದ್ದದ್ದು ಮೇಲೆ, ಆ ಕಪ್ಪಿನೊಳಗೆ. ನೀರಿನ ಬಣ್ಣ ಬದಲಾಗಿ ಕೆಮ್ಮಣ್ಣು ಕದಡಿದ ಹಾಗಾಗಿತ್ತು. ಬೇರುಸಮೇತ ಬಂದ ಗಿಡಗಳು, ತರಗು, ಹೊಟ್ಟೆ ಮೇಲಾದ ಒಂದು ಹಾವು ನಿಧಾನಕ್ಕೆ ಸುತ್ತುತ್ತಿದ್ದವು. ಇಷ್ಟೆಲ್ಲ ಸದ್ದಿಲ್ಲದೆ ಆಗುತ್ತಿತ್ತು. ಸದ್ದಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ.

ಕಟ್ಟೆಯ ಮೇಲೆ ಬೋರಲು ಬಿದ್ದು, ಕೈ ಇಳಿಬಿಟ್ಟು, ಹಲಗೆಯ ಮೇಲ್ತುದಿಯ ಬಳೆ ಹಿಡಿದು ಎಳೆದ. ಎತ್ತು ಎಳೆಯುವ ಹಲಗೆ; ನೀರೆಲ್ಲ ಅದಕ್ಕೆ ಒರಗಿ ನಿಂತಿತ್ತು. ಮಿಸುಕಲಿಲ್ಲ. ಎದ್ದು ಕೂತು ಎರಡು ಕೈಯಲ್ಲೂ ಎಳೆದ. ಅಂಗೈ ಚರ್ಮ ಸುಲಿಯಿತು. ಆಗ ಕಟ್ಟೆಯ ಕೆಳಬದಿಯಲ್ಲಿ, ಕಲ್ಲುಸಂದಿಯ ಮಣ್ಣು ಪಿಚಕ್ಕನೆ ಹಾರಿ, ಬೆರಳುಗಾತ್ರದ ನೀರು ಚಿಮ್ಮಿತು. ಪಕ್ಕದಲ್ಲಿ ಇನ್ನೊಂದು. ಕೂತ ಕಲ್ಲು ಹಸುವಿನ ಮೈ ನಡುಗಿದ ಹಾಗೆ ಅವನ ಕೆಳಗೆ ನಡುಗಿತು.

ಅವನು ದಂಡೆ ಹಿಡಿದು ಕೆಳಕ್ಕೆ ಓಡಿದ.

"ಬಯ್ಯಾ! ಮೇಲೆ ಹತ್ತೋ! ನೀರು ಬರ್ತಾ ಐತೆ, ಹತ್ತೋ ಮೇಲೆ!"

ಪಾಲಾದ ಮೇಲೆ ತಮ್ಮನೊಡನೆ ಆಡಿದ ಮೊದಲ ಮಾತು ಅದು. ಬಯ್ಯಪ್ಪ ಬಗ್ಗಿದವನು ಬಗ್ಗಿಯೇ ಇದ್ದ.

"ನೋಡೇ, ನಮ್ಮಣ್ಣನಿಗೆ ಬಾಯಿ ಬಂತು. ಮೀನು ಕಂಡ್ರೆ ಮೂಗನೂ ಮಾತಾಡ್ತಾನೆ."

"ತಮಾಷೆಯಲ್ಲ ಕಣೋ! ಬೆಟ್ಟದಲ್ಲಿ ಮಳೆ ಹೊಡೀತಾ ಐತೆ."

"ಹೊಡೀಲಿ. ನೀರು ಇಳೀತೈತೋ ಏರ್ತೈತೋ, ನಂಗೆ ಕಣ್ಣಿಲ್ವಾ? ಹೋದ ವರ್ಷ ನೀನೇ ಚಿಕ್ಕಪ್ಪನ ಕೈಲಿ ಹೇಳಿ ಕಳಿಸಿದ್ದೆ, ಮಡೂಲಿ ಹೆಬ್ಬಾವು ಐತೆ ಅಂತ. ಎಲ್ಲಿ ನಿನ್ನ ಹೆಬ್ಬಾವು? ಈ ವರ್ಷ ನೀರಾಯ್ತಾ?"

ಹೆಬ್ಬಾವಿನ ಸುಳ್ಳು ಆವುಲಪ್ಪನದ್ದೇ.

ವೆಂಕಟರತ್ನಮ್ಮ ಸೆರಗು ತಲೆಗೆ ಎಳೆದುಕೊಂಡು ಎದ್ದು ನಿಂತಳು. ಬಾವನ ಮುಂದೆ ನೇರ ಮಾತಾಡುವವಳಲ್ಲ, ಗಂಡನಿಗೇ ಹೇಳಿದಳು. "ಬಾವನ ಕೈ ನೋಡು, ರಕ್ತ ಬರ್ತಾ ಐತೆ. ಸುಳ್ಳು ಹೇಳೋರ ಮುಖ ಅಲ್ಲ ಅದು. ನಡಿ, ಮೇಲಕ್ಕೋಗಣ."

"ನೀನು ಹೋಗು. ನೀನು ಹೋದ್ಮೇಲೆ ಅವನು ಇಳಿದು ಬಾಚ್ಕೊಳ್ತಾನೆ. ಅದಕ್ಕೇ ಈ ನಾಟಕ."

ಇನ್ನೊಂದು ಮಾತು ಹೇಳಿದ್ದರೆ ಬಯ್ಯಪ್ಪ ನಂಬುತ್ತಿದ್ದ. ಆವುಲಪ್ಪನಿಗೆ ಅದು ಗೊತ್ತಿತ್ತು. ಆ ಮಾತು ಬಾಯಿಂದ ಬಿದ್ದರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ದಾರಿ ಮುಚ್ಚಿದವನ ಮನೆಗೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ತಮ್ಮ ಸಾಯುವ ತನಕ ಅದನ್ನು ಗೋಡೆಯ ಮೇಲಿಂದ ಎಸೆಯುತ್ತಿರುತ್ತಾನೆ. ಅವನು ಅದನ್ನು ಬಿಟ್ಟು ಬೇರೆಲ್ಲ ಹೇಳಿದ. ನನ್ನ ಮಾತು ಕೇಳು ಎಂದ. ಅಪ್ಪನಾಣೆ ಎಂದ. ಮೀನೆಲ್ಲ ನಿಂದೇ, ನಾನು ಮುಟ್ಟಲ್ಲ ಎಂದ. ಅಂದಷ್ಟೂ ಬಯ್ಯಪ್ಪನ ಅನುಮಾನ ಗಟ್ಟಿಯಾಯಿತು. ಹೀಗೆ ಹೊತ್ತು ಹೋಯಿತು. ಆಮೇಲೆ ಆವುಲಪ್ಪ ನೆನೆಯುತ್ತಿದ್ದದ್ದು ಹಲಗೆ ಇಟ್ಟ ಗಳಿಗೆಯನ್ನಲ್ಲ, ಈ ಹೊತ್ತನ್ನು.

ಮೇಲೆ ಎಲ್ಲೋ ಒಂದು ಕಲ್ಲು ಉರುಳಿದ ಸದ್ದಾಯಿತು.

"ದಾರಿ ಮುಚ್ಚಿದೀನಿ ಕಣೋ!" ಎಂದು ಅರಚಿದ. "ಗಂಗಮ್ಮನ ದಾರಿ. ಹಲಗೆ ಹಾಕಿದೀನಿ. ತೆಗೆಯೋಕೆ ಬರ್ತಾ ಇಲ್ಲ, ಕಟ್ಟೆ ಬಾಯಿ ಬಿಡ್ತಾ ಐತೆ!"

ಬಯ್ಯಪ್ಪ ನೆಟ್ಟಗಾದ. ಸುತ್ತ ಒಣಗಿ ನಿಂತ ಕಲ್ಲುಗಳನ್ನು ನೋಡಿದ, ಹಾರುವ ಮೀನುಗಳನ್ನು ನೋಡಿದ, ಅಣ್ಣನನ್ನು ನೋಡಿದ. ನೀರು ಯಾಕೆ ಇಳಿಯಿತೆಂದು ಅವನಿಗೆ ಈಗ ಅರ್ಥವಾಯಿತು. ನೀರು ಬರುತ್ತದೆ ಎಂಬುದಕ್ಕಿಂತ ಮುಂಚೆ ಅದು ಅರ್ಥವಾಯಿತು.

"ಏನಂದೆ?"

ಕೈಯಲ್ಲಿದ್ದ ಕೊರವ ಮೀನನ್ನು ಬಿಸಾಕಿ, ಕಲ್ಲಿಂದ ಕಲ್ಲಿಗೆ ಹಾರಿ ದಂಡೆ ಹತ್ತಿದ. ಹೆದರಿ ಹತ್ತಿದ್ದಲ್ಲ. ಬಂದವನೇ ಅಣ್ಣನ ಕುತ್ತಿಗೆಗೆ ಕೈ ಹಾಕಿದ.

"ನನ್ನ ಕೂಳಿ ಒಣಗಿಸೋಕೆ ಗಂಗಮ್ಮನ ದಾರೀಗೆ ಹಲಗೆ ಹಾಕ್ತೀಯೇನೋ? ಅಪ್ಪ ಇದ್ದಿದ್ರೆ ಉಗೀತಿದ್ದ ನಿನ್ನ ಮುಖಕ್ಕೆ!"

ಇಬ್ಬರೂ ಕೆಸರಿನಲ್ಲಿ ಬಿದ್ದರು. ಬಯ್ಯಪ್ಪನ ಮೊಣಕಾಲು ಆವುಲಪ್ಪನ ಎದೆಯ ಮೇಲಿತ್ತು, ಕೈಗಳು ಗಂಟಲಲ್ಲಿ. ಕೆಳಗಿನಿಂದ ವೆಂಕಟರತ್ನಮ್ಮ ಕೂಗಿದಳು:

"ಜಗಳ ಮನೇಗೋಗಿ ಆಡಿ! ಯಾರಾದ್ರೂ ಒಂದು ಕೈ ಹಾಕ್ರಪ್ಪ, ಭಾರ ಐತೆ ಇದು!"

ತಮ್ಮನ ಹೆಗಲ ಮೇಲಿಂದ ಆವುಲಪ್ಪನಿಗೆ ಅವಳು ಕಾಣಿಸಿದಳು. ಅವಳು ಹೊರಟಿದ್ದಳು, ನಿಜ. ಹೊರಡುವಾಗ ಕೂಳಿಯನ್ನೂ ಎಳೆದುಕೊಂಡು ಹೊರಟಿದ್ದಳು. ಬಾಯಿತನಕ ತುಂಬಿದ ಕೂಳಿ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಅವಳು ಒಂದು ಕೈಯಲ್ಲಿ ದಂಡೆಯ ಹೊಂಗೆ ಬೇರು ಹಿಡಿದು, ಇನ್ನೊಂದು ಕೈಯಲ್ಲಿ ಅದರ ಹಗ್ಗ ಜಗ್ಗುತ್ತಿದ್ದಳು.

"ಬಿಡು," ಎಂದ ಆವುಲಪ್ಪ. ಗಂಟಲಿಂದ ಗಾಳಿ ಮಾತ್ರ ಬಂತು. "ಅವಳು... ಬಿಡು..."

ಪ್ರಾಣಕ್ಕೆ ಅಂಗಲಾಚುತ್ತಿದ್ದಾನೆ ಎಂದುಕೊಂಡ ಬಯ್ಯಪ್ಪ ಇನ್ನೂ ಬಿಗಿಯಾಗಿ ಒತ್ತಿದ.

ಆಗ ಸದ್ದು ಬಂತು. ನೀರಿನ ಸದ್ದಲ್ಲ, ಗಾಡಿಗಟ್ಟಲೆ ಕಲ್ಲನ್ನು ಒಮ್ಮೆಗೇ ಸುರಿದ ಸದ್ದು. ಬಯ್ಯಪ್ಪನ ಕೈ ಸಡಿಲವಾಯಿತು. ಇಬ್ಬರೂ ತಿರುಗಿದರು. ತಿರುವಿನಲ್ಲಿ ಮೊದಲು ಕಾಣಿಸಿದ್ದು ಗಿಡಗಂಟಿ, ಆಳೆತ್ತರದ ಕಂದುಬೇಲಿಯೊಂದು ಎದ್ದು ನಡೆದು ಬಂದ ಹಾಗೆ. ಅದರ ಹಿಂದೆ ನೀರು. ವೆಂಕಟರತ್ನಮ್ಮ ಆ ಕಡೆ ನೋಡಿದಳು. ಬೇರು ಬಿಡಲಿಲ್ಲ, ಹಗ್ಗವನ್ನೂ ಬಿಡಲಿಲ್ಲ. ಹಗ್ಗ ಬಿಟ್ಟಿದ್ದರೆ ಹತ್ತುತ್ತಿದ್ದಳೋ ಏನೋ. ಬೇರು ಅಲ್ಲೇ ಉಳಿಯಿತು. ಅದನ್ನು ಹಿಡಿದ ಕೈ ಉಳಿಯಲಿಲ್ಲ.

ಬಯ್ಯಪ್ಪ ದಂಡೆಯ ಉದ್ದಕ್ಕೂ ಕೆರೆಯವರೆಗೆ ಓಡಿದ. ಆವುಲಪ್ಪ ಎದ್ದು ಅವನ ಹಿಂದೆ ಓಡಿದ. ಇಬ್ಬರೂ ಒಂದೇ ಹೆಸರನ್ನು ಕೂಗಿದರು.

ಮಧ್ಯಾಹ್ನ ವೆಂಕಟೇಶ ಬಂದ. ಕೊಡೆ ಜಗಲಿಯಲ್ಲಿಟ್ಟು, ಪೆನ್ನು ತೆಗೆದಿಟ್ಟು, ಊರವರ ಜೊತೆ ಕೆರೆಗೆ ಇಳಿದ. ಮಾರನೆಯ ದಿನ ನೀರು ತಗ್ಗಿದ ಮೇಲೆ ಕೆರೆಯಂಚಿನ ಆಪುಹುಲ್ಲಿನ ನಡುವೆ ಅವಳು ಸಿಕ್ಕಳು. ಕೂಳಿ ಸಿಕ್ಕಲಿಲ್ಲ. ಕೊಂಡಮ್ಮ ಅರೆದಿಟ್ಟಿದ್ದ ಕಾರವನ್ನು ತಿಪ್ಪೆಗೆ ಸುರಿದು ಬಂದು, ಗೋಡೆಯಾಚೆ ಹೋಗಿ, ಓರಗಿತ್ತಿಯ ತಲೆ ತೊಳೆದು ಬಾಚಿದಳು. ಅಲ್ಲಿಂದ ಬಂದವಳು ಗಂಡನನ್ನು ಏನೂ ಕೇಳಲಿಲ್ಲ.

ಹಳೆಯ ಕಟ್ಟೆ, ಮಳೆಗೆ ಹೋಯಿತು ಎಂದರು ಊರವರು. ಬಯ್ಯಪ್ಪ ಬಾಯಿ ಬಿಟ್ಟಿರಲಿಲ್ಲ. ತಿಥಿಯ ತನಕವೂ ಬಿಡಲಿಲ್ಲ. ಆವುಲಪ್ಪನೂ ಬಿಡಲಿಲ್ಲ. ಒಂದೊಂದು ದಿನ ಕಳೆದಂತೆ, ಇದು ಹೀಗೇ ಉಳಿದುಹೋಗಬಹುದು ಎಂದು ಅವನಿಗೆ ಅನಿಸತೊಡಗಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು; ಆದರೂ ಅನಿಸಿತು.

ತಿಥಿಯ ಸಂಜೆ ಉಂಡೆದ್ದ ಬಳಗದವರು ಆವುಲಪ್ಪನ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ನರಸಿಂಹಪ್ಪ ಕಟ್ಟೆಯನ್ನು ಮತ್ತೆ ಕಟ್ಟುವ ಮಾತು ತೆಗೆದಿದ್ದ. ದಾರಿ ಇನ್ನೂ ಒಂದು ಗೇಣು ಅಗಲವಾಗಿ ಬಿಡಬೇಕು ಎನ್ನುತ್ತಿದ್ದ. ಆಗ ಬಯ್ಯಪ್ಪ ಕೆರೆಯ ಕಡೆಯಿಂದ ಬೀದಿಯಲ್ಲಿ ನಡೆದು ಬಂದ. ಹೆಗಲ ಮೇಲೆ ಹಲಗೆಯಿತ್ತು. ಕೆಸರು ಹತ್ತಿ ಕಪ್ಪಾಗಿತ್ತು. ಅವನು ಯಾರ ಮುಖವನ್ನೂ ನೋಡದೆ ಅದನ್ನು ಇಳಿಸಿ, ಅಣ್ಣನ ಮನೆಯ ಗೋಡೆಗೆ ನೆಟ್ಟಗೆ ಒರಗಿಸಿದ.

"ನಿನ್ನ ಪಾಲಿಗೆ ಬಂದದ್ದು," ಎಂದ. "ಇಟ್ಕೋ."

ಹೋದ.

ಹಲಗೆಯ ಬಳೆಯೊಳಗೆ ತಂಗಡಿ ಸೊಪ್ಪು ಸುರುಳಿಯಾಗಿ ಸಿಕ್ಕಿಕೊಂಡಿತ್ತು. ಒಂದು ಅಂಚಿನ ಸೀಳಿನಲ್ಲಿ ಕೈಯಲ್ಲಿ ಮೆತ್ತಿದ ಹೆಂಟೆ ಇನ್ನೂ ಕಚ್ಚಿಕೊಂಡಿತ್ತು. ನರಸಿಂಹಪ್ಪ ಕೂತಲ್ಲಿಂದಲೇ ಕೈ ಚಾಚಿ ಅದನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, ಎದ್ದು, ಚಪ್ಪಲಿ ಮೆಟ್ಟಿಕೊಂಡ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು.